ಅರಿಶಿನ ತಿಂದ ಗೋಡೆ

ನಾನು ಕಟ್ಟಡದ ಇಂಜಿನಿಯರ್. ಮಿರಜಿನಲ್ಲಿ ಆಫೀಸು, ಇಪ್ಪತ್ತೆರಡು ವರ್ಷದ ಅನುಭವ. ಮೂರು ವರ್ಷದ ಹಿಂದೆ ನನಗೆ ಸ್ಮಾರ್ಟ್ ಮಟೀರಿಯಲ್ಲಿನ ಹುಚ್ಚು ಹತ್ತಿತ್ತು. ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಕಾಂಕ್ರೀಟು, ಬಿಸಿಲೇರಿದಂತೆ ಕಪ್ಪಾಗುವ ಗಾಜು, ತನ್ನನ್ನು ತಾನೇ ತೊಳೆದುಕೊಳ್ಳುವ ಗೋಡೆ. ಸ್ಯಾಂಪಲ್ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲೇ ಇರುತ್ತಿತ್ತು. ಮದುವೆ ಊಟಕ್ಕೆ ಹೋದರೂ ನಾಲ್ಕು ಜನರಿಗೆ ತೋರಿಸಿಯೇ ಬರುತ್ತಿದ್ದೆ. ಆಗ ಮಾಡಿದ ಒಂದು ತಪ್ಪಿನ ಕಥೆ ಇದು. ಬೇರೆಯವರ ಮೇಲೆ ಹಾಕುವಂಥದ್ದಲ್ಲ, ಪೂರ್ತಿ ನನ್ನದೇ.

ಸಾಂಗಲಿ ಮಾರ್ಕೆಟ್ಟಿನಲ್ಲಿ ಅರಿಶಿನದ ಒಂದು ಅಡತಿ ಅಂಗಡಿ. ಯಜಮಾನರು ತೀರಿಕೊಂಡ ಮೇಲೆ ಗಾದಿಯ ಮೇಲೆ ಕುಳಿತವರು ಅವರ ಹೆಂಡತಿ ಶಾಂತವ್ವ. ಮಾರ್ಕೆಟ್ಟಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಅರಿಶಿನದ ಧೂಳಿಗೆ ಅಲ್ಲಿ ಯಾವ ಗೋಡೆಯೂ ಒಂದು ವರ್ಷದ ಮೇಲೆ ಬೆಳ್ಳಗೆ ಉಳಿಯುವುದಿಲ್ಲ. ಮಗ ಮಹೇಶನಿಗೆ ಹಳೆಯದನ್ನು ಕೆಡವಿ, ಹಳದಿಯಾಗದ ಅಂಗಡಿ ಕಟ್ಟಬೇಕಿತ್ತು. ನನ್ನ ಪೆಟ್ಟಿಗೆಗೆ ಹೇಳಿ ಮಾಡಿಸಿದಂಥ ಗಿರಾಕಿ.

ಕಾಕು ಒಂದೇ ಷರತ್ತು ಹಾಕಿದರು. ಗಾದಿಯ ಪಕ್ಕದ ಗೋಡೆಯನ್ನು ಕೆಡವುವಂತಿಲ್ಲ. ಅದಕ್ಕೆ ಹೊಂದಿದ ಕತ್ತಲೆ ಕೋಣೆಯಲ್ಲಿ ಅವರ ಯಜಮಾನರು ದಿನಾ ಸೌದೆಗೆ, ಅಂದರೆ ಹರಾಜಿಗೆ, ಹೋಗುವ ಮುನ್ನ ಒಂದು ಅರಿಶಿನ ಕೊಂಬು ಮುರಿದು ಸುಣ್ಣದ ಗೋಡೆಗೆ ಗೆರೆ ಎಳೆಯುತ್ತಿದ್ದರಂತೆ. ನಿನ್ನೆಯ ಗೆರೆಯ ಪಕ್ಕದಲ್ಲಿ ಇವತ್ತಿನದು. ಯಾವ ಮಾಲಿನ ಬಣ್ಣ ಗಾಢ ಎಂದು ತಿಳಿಯಲು ಅದೇ ಅವರ ಯಂತ್ರ. ಕೆಲವು ಗೆರೆ ಹಳದಿ, ಕೆಲವು ಇಟ್ಟಿಗೆ ಕೆಂಪು. ಹರೆಯದಲ್ಲಿ ನಿಂತು ಎಳೆದವು ಮೇಲೆ, ಮೊಣಕಾಲು ಸೋತ ಮೇಲೆ ಕುಳಿತು ಎಳೆದವು ಕೆಳಗೆ. ಎಲ್ಲಕ್ಕಿಂತ ಕೆಳಗೆ, ಮೂಲೆಯಲ್ಲಿ, ಬೆರಳುದ್ದದ ಒಂದು ಸೊಟ್ಟ ಗೆರೆ. ಆಸ್ಪತ್ರೆಗೆ ಹೋದ ಬೆಳಿಗ್ಗೆ ಎಳೆದದ್ದು.

ಗೋಡೆ ಉಳಿಸಿಕೊಂಡೇ ನಕ್ಷೆ ಮಾಡಿದೆ. ಕೋಣೆಯ ಮಾಡು ತೆಗೆದು, ಸುತ್ತ ಸೂರಷ್ಟೇ ಉಳಿಸಿ, ಅದನ್ನು ತೆರೆದ ಅಂಗಳವನ್ನಾಗಿ ಮಾಡಿ, ಬೆಳಕು ಗೋಡೆಯ ಮೇಲೆ ಬೀಳುವಂತೆ ಇಟ್ಟೆ. ಹೊಸ ಗೋಡೆಗಳಿಗೆ ಬಳಿಯುವ, ಕೊಳೆಯನ್ನು ತಾನೇ ತೊಳೆಯುವ ಪಾರದರ್ಶಕ ಕೋಟನ್ನೇ ಅದಕ್ಕೂ ಬಳಿಯೋಣ, ಒರೆಸಿದರೂ ಗೆರೆ ಹೋಗುವುದಿಲ್ಲ ಎಂದೆ. ಕಾಕು ಕನ್ನಡಕ ಏರಿಸಿ ನನ್ನನ್ನೇ ನೋಡಿದರು.

"ಬಣ್ಣ ಉಳೀತೈತೇನ್ರಿ, ಸಾಹೇಬ್ರ?"

"ಇಪ್ಪತ್ತು ವರ್ಷ ಏನೂ ಆಗಂಗಿಲ್ರಿ, ಕಾಕು."

"ಆಯಿ, ಟೆನ್ಶನ್ ಘೇವೂ ನಕೋ," ಚಿಂತೆ ಮಾಡಬೇಡ, ಎಂದ ಮಹೇಶ. ತಾಯಿಯ ಕನ್ನಡಕ್ಕೆ ಅವನ ಉತ್ತರ ಯಾವಾಗಲೂ ಮರಾಠಿಯಲ್ಲೇ.

ಆ ಕೋಟಿನಲ್ಲಿ ಇರುವುದು ಟೈಟೇನಿಯಂ ಡೈ ಆಕ್ಸೈಡ್. ಬಿಸಿಲು ಬಿದ್ದರೆ ಅದು ಚುರುಕಾಗಿ ಎಣ್ಣೆ, ಹೊಗೆ, ಗಿಡದ ರಸ ಇಂಥ ಕೊಳೆಯನ್ನು ಒಡೆದು ಹಾಕುತ್ತದೆ. ಇದನ್ನು ಬಾಯಿಪಾಠವಾಗಿ ಹತ್ತಾರು ಜನರಿಗೆ ಹೇಳಿದ್ದೆ. ಕೊಳೆ ಅಂದರೆ ಹೊರಗಿನಿಂದ ಬಂದು ಕೂರುವುದು ಎಂದುಕೊಂಡಿದ್ದೆ. ಒಳಗಿರುವ ಅರಿಶಿನವೂ ಕೋಟಿನ ಲೆಕ್ಕದಲ್ಲಿ ಕೊಳೆಯೇ ಎಂದು ನನಗೆ ಹೊಳೆಯಲಿಲ್ಲ.

ಕೋಟು ಬಳಿದ ಎರಡು ತಿಂಗಳ ನಂತರ ಮಹೇಶನ ಫೋನು. ಬೇಗ ಬನ್ನಿ ಎಂದಷ್ಟೇ ಹೇಳಿದ. ಹೋಗಿ ನೋಡಿದರೆ ಗೋಡೆಯ ಕೆಳಗಿನ ಅರ್ಧ ಹಾಲಿನಂತೆ ಬೆಳ್ಳಗೆ. ಕಂಪನಿಯವರು ಫೋಟೋ ಹಾಕಿಕೊಳ್ಳಬಹುದಿತ್ತು, ಅಷ್ಟು ಚೊಕ್ಕ. ಮೂಲೆಯ ಸೊಟ್ಟ ಗೆರೆಯನ್ನು ಮಂಡಿಯೂರಿ ಹುಡುಕಿದೆ, ಮೊಬೈಲ್ ಟಾರ್ಚ್ ಹಿಡಿದೆ, ಬೆರಳಾಡಿಸಿದೆ. ಇರಲಿಲ್ಲ. ಕೈಗೆ ಸಿಕ್ಕ ಗೋಣಿಚೀಲವನ್ನು ಅಡ್ಡ ಕಟ್ಟಿ ಬಿಸಿಲು ತಡೆದೆ. ಕೋಟು ಕೆರೆದರೆ ಸುಣ್ಣವೇ ಉದುರುತ್ತದೆ, ಬೇರೆ ದಾರಿಯಿಲ್ಲ.

ಕಾಕು ಬೈದಿದ್ದರೆ ಚೆನ್ನಾಗಿತ್ತು. ಗಾದಿಯ ಮೇಲಿಂದ ಮೆಲ್ಲಗೆ ಹೇಳಿದರು: "ಅರಿಶಿಣ ಪುಡಿ ಬಿಸಲಾಗ ಇಡಬಾರದಂತ ನಮ್ಮ ಹಮಾಲರಿಗೂ ಗೊತ್ತೈತ್ರಿ. ನನಗ ಗೊತ್ತಿರಲಿಲ್ಲೇನು? ನಿಮ್ಮ ಕೋಟಿನ ಮ್ಯಾಲೆ ನಂಬಿಗಿ ಇಟ್ಟೆ."

ಸೂರಿನ ನೆರಳಿಗೆ ಮೇಲಿನ ಗೆರೆಗಳು ಉಳಿದಿದ್ದವು. ಅಷ್ಟಾದರೂ ಉಳಿಯಿತಲ್ಲ ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಅವರು ತಲೆಯೆತ್ತಿ ಆ ಗೆರೆಗಳನ್ನು ನೋಡಿದರು.

"ಅವು ನಾ ಈ ಮನಿಗೆ ಬರೂಕಿಂತ ಮೊದಲಿನವು, ತಮ್ಮಾ. ಆ ಹರೇದ ಮನಿಷಾನ ಜೋಡಿ ನನಗೇನ ಪರಿಚಯ?"

ಇವತ್ತೂ ಸ್ಮಾರ್ಟ್ ಮಟೀರಿಯಲ್ ಬಳಸುತ್ತೇನೆ. ಮುಂದಿನ ಕಟ್ಟಡಗಳು ಹಾಗೇ ಇರುತ್ತವೆ, ಇರಲಿ. ಆದರೆ ಪೆಟ್ಟಿಗೆ ತೆಗೆಯುವ ಮುಂಚೆ ಗಿರಾಕಿಯ ಜೊತೆ ಹಳೆ ಮನೆಯೆಲ್ಲ ಒಂದು ಸುತ್ತು ನಡೆಯುತ್ತೇನೆ. ಏನು ಬೇಕು ಎಂದು ಆಮೇಲೆ ಕೇಳುತ್ತೇನೆ. ಏನು ಹೋಗಬಾರದು ಎಂದು ಮೊದಲು ಕೇಳುತ್ತೇನೆ. ವಸ್ತು ಎಷ್ಟೇ ಜಾಣ ಇರಲಿ, ಯಾವುದು ಕೊಳೆ, ಯಾವುದು ಅಲ್ಲ ಎಂದು ಅದಕ್ಕೆ ಹೇಳಬೇಕಾದವನು ನಾನು.

ಮೊನ್ನೆ ಆ ಕಡೆ ಹೋಗಿದ್ದೆ. ಗೋಣಿಚೀಲ ತೆಗೆದಿದ್ದರು. ಮೂಲೆಯಲ್ಲಿ, ಅದೇ ಎತ್ತರದಲ್ಲಿ, ಬೆರಳುದ್ದದ ಹಸಿ ಹಳದಿ ಗೆರೆ. ಇದೂ ಹೋಗುತ್ತದಲ್ಲ ಎಂದೆ.

"ಹೋಗ್ಲಿ," ಎಂದರು ಕಾಕು, ಕೈಯಲ್ಲಿದ್ದ ಕೊಂಬಿನ ತುಂಡನ್ನು ಗಾದಿಯ ಕೆಳಗೆ ಇಡುತ್ತ. "ನಾಳೆ ಮತ್ತ ಎಳೀತೇನಿ."