ತಾನೇ ಹುಟ್ಟಿದ ಹೀರೆಬಳ್ಳಿ

ಸಿದ್ದಾಪುರದಾಚೆಯ ಹಟ್ಟಿಯ ನಾಗಕ್ಕ ಮೊಸರಿನಲ್ಲೂ ಕಲ್ಲು ಹುಡುಕುವ ಹೆಂಗಸು. ಮನೆಯಲ್ಲಿ ಎಷ್ಟು ಜನ ಎಂದು ಯಾರಾದರೂ ಕೇಳಿದರೆ, "ನಿಂಗ್ಯಾಕೆ?" ಎನ್ನುವಳು. "ಹೊರಗಿನೋರು ಕೇಳಿದ್ರೆ ಏನೂ ಗೊತ್ತಿಲ್ಲ ಅನ್ರೇ" ಎಂದು ಹಟ್ಟಿಯ ಹೆಂಗಸರಿಗೆ ಪಾಠ ಮಾಡಿದವಳೂ ಅವಳೇ.

ಚಳ್ಳಕೆರೆಯಲ್ಲಿ ಕೈತೋಟದ ತರಬೇತಿ, ಊಟ ಪುಕ್ಕಟೆ, ಬೀಜ ಪುಕ್ಕಟೆ ಎಂಬ ಸುದ್ದಿ ಬಂತು. ಪುಕ್ಕಟೆಯೇ? ಇದರಲ್ಲಿ ಏನೋ ಮಸಲತ್ತಿದೆ, ಹಿಡಿದೇ ಬಿಡುತ್ತೇನೆ ಎಂದು ನಾಗಕ್ಕ ಬಸ್ಸು ಹತ್ತಿದಳು. ಆರು ದಿನ ಕೂತಳು. ಪಾತ್ರೆ ತೊಳೆದ ನೀರನ್ನು ಬಳ್ಳಿಗೆ ತಿರುಗಿಸುವುದಿರಲಿ, ಕುರಿಗೊಬ್ಬರ ಮಾಗಿಸುವುದಿರಲಿ, ಎಲ್ಲಕ್ಕೂ ಅಡ್ಡ ಪ್ರಶ್ನೆ. ಮಸಲತ್ತು ಮಾತ್ರ ಸಿಗಲಿಲ್ಲ. ಕಲಿಸುತ್ತಿದ್ದ ವಾಣಿಶ್ರೀ ಕೊನೆಗೆ ಅವಳ ಕೊರಳಿಗೇ ಸ್ವಯಂಸೇವಕಿಯ ಕಾರ್ಡು ಹಾಕಿದಳು.

"ಮೂರು ತಿಂಗಳಲ್ಲಿ ಹತ್ತು ಮನೆಯವರಿಗೆ ಕಲಿಸಿದ್ರೆ ಕಾರ್ಡು ಖಾಯಂ, ನಾಗಕ್ಕ. ಆದ್ರೆ ಬೀಜಕ್ಕೆ ಬದಲಾಗಿ ಯಾರ ಹತ್ರಾನೂ ಏನೂ ತಗೋಬಾರ್ದು."

ತನ್ನ ಫೋಟೋ, ತನ್ನ ಹೆಸರು! ಆ ಕಾರ್ಡಿನ ಮೇಲೆ ನಾಗಕ್ಕನಿಗೆ ಎಂಥ ಆಸೆ ಹುಟ್ಟಿತೆಂದರೆ, ಮಲಗುವಾಗಲೂ ಅದನ್ನು ಬಿಚ್ಚಲಿಲ್ಲ.

ಮೊದಲ ಮನೆ ಗೆಳತಿ ಕೆಂಚಕ್ಕನದು. ನಾಗಕ್ಕ ಚಾಚಿದ ಬೀಜದ ಪೊಟ್ಟಣವನ್ನು ಅವಳು ಮುಟ್ಟಲೇ ಇಲ್ಲ.

"ಬರಿಗೈಲಿ ಇಸ್ಕಂಡ ಬೀಜ ಹುಟ್ಟತಾವೇನೇ? ಒಂದು ಹಿಡಿ ನವಣೆ ತಗಾ. ತಗಳಲ್ಲ ಅಂದ್ರೆ ಇದರಾಗೆ ಏನೋ ಐತೆ!"

ಹಟ್ಟಿಯ ಪದ್ಧತಿಯೇ ಅದು. ನಾಗಕ್ಕ ಆಚೀಚೆ ನೋಡಿ ಸೆರಗೊಡ್ಡಿದಳು. ಹತ್ತು ಮನೆ, ಹತ್ತು ಹಿಡಿ.

ಮೂರು ತಿಂಗಳಿಗೆ ವಾಣಿಶ್ರೀ ಪುಸ್ತಕ ಹಿಡಿದು ಬಂದಳು. ಯಾರೋ ಚಾಡಿ ಹೇಳಿದ್ದರು. ನಾಗಕ್ಕನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಮನೆಮನೆಯಲ್ಲೂ ಕೇಳಿದಳು: "ಇವರು ನಿಮ್ಮಿಂದ ಏನಾದ್ರೂ ತಗೊಂಡ್ರಾ?"

ಕೊನೆಗೆ ಉಳಿದವಳು ಕೆಂಚಕ್ಕ. "ಇಲ್ಲವ್ವ, ಏನೂ ತಗಂಡಿಲ್ಲ" ಎಂದಳು. ಅಷ್ಟಕ್ಕೇ ನಿಲ್ಲಿಸಬಾರದೇ? "ಏನೂ ಕೊಟ್ಟೂ ಇಲ್ಲ, ಕಲಿಸಿಯೂ ಇಲ್ಲ!"

"ಮತ್ತೆ ಈ ಹೀರೆಬಳ್ಳಿ?"

"ಅದಾ? ತಾನೇ ಹುಟ್ಟೈತೆ."

ಹತ್ತೂ ಮನೆಯದು ಒಂದೇ ಮಾತು. ನಾಗಕ್ಕ ಕಲಿಸಿದ ಪಾಠವೇ ಅವಳನ್ನು ಕಾಯಲು ಬಂದಿದೆ, ಕಾಯುತ್ತಲೇ ಕತ್ತು ಹಿಸುಕುತ್ತಿದೆ. ಬಾಯಿ ಬಿಟ್ಟರೆ ನವಣೆಯ ತಪ್ಪಿಗೆ ಕಾರ್ಡು ಹೋಗುತ್ತದೆ. ಬಿಡದಿದ್ದರೆ ಒಂದು ಮನೆಗೂ ಕಲಿಸದವಳೆಂದು ಹೋಗುತ್ತದೆ.

"ಬರ್ಕಳಿ ಮೇಡಂ" ಎಂದಳು ನಾಗಕ್ಕ. "ಮನೆಗೊಂದು ಹಿಡಿ ನವಣೆ ತಗಂಡೀನಿ. ಇಲ್ಲಾಂದ್ರೆ ಇವ್ರು ಬಿತ್ತಾಂಗಿರ್ಲಿಲ್ಲ. ಆದ್ರೆ ಈ ಬಳ್ಳಿ ನಾನೇ ಹಾಕ್ಸಿದ್ದು. ಹತ್ತೂ ಮನೇದು ನಾನೇ."

ವಾಣಿಶ್ರೀ ಎರಡನ್ನೂ ಬರೆದುಕೊಂಡಳು. "ಮೇಲಿನೋರು ಏನಂತಾರೋ ನೋಡೋಣ" ಎಂದು ಕೈ ಚಾಚಿದಳು. ನಾಗಕ್ಕ ಕೊರಳಿನಿಂದ ಕಾರ್ಡು ತೆಗೆದು ಕೊಟ್ಟಳು.

ವಾಣಿಶ್ರೀ ಅತ್ತ ಹೋದದ್ದೇ ಕೆಂಚಕ್ಕ ಹಣೆ ಚಚ್ಚಿಕೊಂಡಳು. "ನಿನ್ ಬಾಯಿಗೆ ಮಣ್ಣಾಕ! ಸುಮ್ಕಿರಾಕೆ ಏನಾಗಿತ್ತೇ?"

"ಹೆತ್ತೋಳು ಸುಮ್ಕಿದ್ರೆ ಕೂಸಿಗೆ ತಬ್ಬಲಿ ಅಂತಾರೆ ಕಣೆ."

ಕೆಂಚಕ್ಕ ಅವಳ ರಟ್ಟೆ ಹಿಡಿದು ಬಳ್ಳಿಯ ಹತ್ತಿರ ಎಳೆದಳು.

"ಎಲೆ ಯಾಕೋ ಮುದುಡ್ತಾ ಐತೆ. ಏನು ಹಾಕ್ಲಿ, ನೋಡಿ ಹೇಳು."