ಹದಿನಾರು ಹತ್ತಾದ ದಿನ

ಬೆಳಗಿನ ಆರು ಗಂಟೆ. ಉಕ್ಕಿನ ಮೆಟ್ಟಿಲು, ಕಟಕಟೆ, ಅಟ್ಟಣಿಗೆಗಳ ನಕ್ಷೆ ತಯಾರಿಸುವ ಕಂಪನಿಯ ಹಿಂಬದಿಯಲ್ಲಿ, ಗೋದಾಮಿಗೆ ತಾಗಿದ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಗೇಟಿನ ಕಾವಲುಗಾರ ಇನ್ನೂ ಆಕಳಿಸುತ್ತಿದ್ದಾನೆ. ಒಳಗೆ ಐವತ್ತೈದರ ಹೆಂಗಸೊಬ್ಬರು ಪ್ರಿಂಟರಿನಿಂದ ಆಗಷ್ಟೇ ಹೊರಬಂದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಅದರ ಕೆಳಂಚಿನ ಅಳತೆಗೆರೆಯ ಮೇಲೆ ಉಕ್ಕಿನ ಸ್ಕೇಲ್ ಇಡುತ್ತಾರೆ. ಕನ್ನಡಕ ಹಣೆಗೇರುತ್ತದೆ, ಮೂಗು ಹಾಳೆಗೆ ತಾಗುತ್ತದೆ. ಗೆರೆ ಸರಿಯಾಗಿ ಹತ್ತು ಸೆಂಟಿಮೀಟರ್ ಇರಬೇಕು. ಕೂದಲೆಳೆಯಷ್ಟು ಗಿಡ್ಡವಾಗಿದೆ.

“ಹಾಳೇಲಿ ಹಿಡಿಸ್ಲಿ ಅಂತ ಪ್ರಿಂಟರ್ ತಾನೇ ಕುಗ್ಗಿಸಿಬಿಟ್ಟಿದೆ. ಇದರ ಬುದ್ಧಿ ಯಾರು ಕೇಳಿದ್ರು?” ಎಂದು ಗೊಣಗಿ, ಹಾಳೆ ಹರಿದು ಬುಟ್ಟಿಗೆ ಹಾಕಿ ಮತ್ತೆ ಪ್ರಿಂಟ್ ಒತ್ತುತ್ತಾರೆ.

ಊರಿನ ಹನ್ನೊಂದು ವರ್ಕ್‌ಶಾಪ್‌ಗಳಲ್ಲಿ ಇವರನ್ನು ಎಲ್ಲರೂ ಕರೆಯುವುದು ‘ಡ್ರಾಯಿಂಗ್ ಅಕ್ಕ’ ಎಂದು. ಏಳಕ್ಕೆ ಆ ವರ್ಕ್‌ಶಾಪ್‌ಗಳ ಬಾಗಿಲು ತೆರೆಯುತ್ತವೆ. ಅಷ್ಟರೊಳಗೆ ಅವರವರಿಗೆ ಬೇಕಾದ ನಕ್ಷೆ, ಅವರವರ ಕಂಪ್ಯೂಟರು ಓದಬಲ್ಲ ರೂಪದಲ್ಲಿ, ಅವರವರ ಮೇಲ್‌ಗೆ ಹೋಗಿ ಕೂತಿರಬೇಕು. ದಿನಕ್ಕೆ ನಲವತ್ತು, ಕೆಲವೊಮ್ಮೆ ಅರವತ್ತು ಫೈಲುಗಳು. ಕಳಿಸಿದ ಪ್ರತಿಯೊಂದನ್ನೂ ಮೂಲೆಯಲ್ಲಿರುವ ಹಳೇ ಕಂಪ್ಯೂಟರಿನಲ್ಲಿ ತಾವೇ ಒಮ್ಮೆ ತೆರೆದು ನೋಡುತ್ತಾರೆ. “ನನ್ನ ಹತ್ರ ಚೆನ್ನಾಗಿ ಕಂಡ್ರೆ ಏನು ಬಂತು? ಅಲ್ಲಿ ಮಸಿ ಕೈಯಲ್ಲಿ ನೋಡೋನಿಗೆ ಕಾಣ್ಬೇಕಲ್ಲ.”

ಯಾವ ರೂಪ ಯಾರಿಗೆ ಎಂದು ಕೇಳಿದರೆ ಅವರಿಗೆ ಹುಮ್ಮಸ್ಸು. ಮನೆಯ ಯಜಮಾನರು ದರ್ಜಿ. ಹಾಗಾಗಿ ಮಾತೆಲ್ಲ ಬಟ್ಟೆಯದೇ. “ಮೂಲ ಫೈಲ್ ಕೊಡೋದು ಅಂದ್ರೆ ಬಟ್ಟೆ ಜೊತೆಗೆ ಕತ್ತರೀನೂ ಕೊಟ್ಟ ಹಾಗೆ. ಯಾರು ಎಲ್ಲಿ ಕತ್ತರಿಸ್ತಾರೋ ದೇವರಿಗೇ ಗೊತ್ತು. ಪಿಡಿಎಫ್ ಹೊಲಿದು ಮುಗಿಸಿದ ಅಂಗಿ. ನೋಡಿ, ಅಳೀರಿ, ಕೈ ಹಾಕ್ಬೇಡಿ. ತಗಡು ಕತ್ತರಿಸೋ ಮೆಷೀನಿಗೆ ಮಾತ್ರ ಬರೀ ಗೆರೆಯ ಫೈಲು, ಡಿಎಕ್ಸ್‌ಎಫ್. ಅದಕ್ಕೆ ಓದೋಕೆ ಬರಲ್ಲ, ಗೆರೆ ಹಿಡ್ಕೊಂಡು ಹೋಗೋದಷ್ಟೇ ಗೊತ್ತು. ಮಿಲಿಮೀಟರೋ ಇಂಚೋ ಅಂತ ಮೊದಲೇ ಹೇಳದಿದ್ರೆ ಬಾಗಿಲಷ್ಟು ದೊಡ್ಡ ಬಿಲ್ಲೆ ಕತ್ತರಿಸಿ ಕೊಡುತ್ತೆ.”

“ಮತ್ತೆ ಫೋಟೋ?” ಎಂದರೆ ಮುಖ ಬಾಡುತ್ತದೆ.

ಮೂವತ್ತೊಂದು ವರ್ಷದ ಹಿಂದೆ ಅವರು ಈ ಕಂಪನಿಗೆ ಬಂದದ್ದು ಮಸಿ ಪೆನ್ನು ಹಿಡಿದು, ಎಣ್ಣೆಗಾಗದದಂಥ ಹಾಳೆಯ ಮೇಲೆ ನಕ್ಷೆ ನಕಲು ಮಾಡಲು. ತಪ್ಪಾದರೆ ಬ್ಲೇಡಿನಿಂದ ಹೆರೆದು ತಿದ್ದಬೇಕು. ಹೆಚ್ಚು ಹೆರೆದರೆ ಹಾಳೆ ತೂತು. ಬಲಗೈ ತೋರುಬೆರಳಿನ ಗಂಟು ಇವತ್ತಿಗೂ ಇಳಿದಿಲ್ಲ. ಕಂಪ್ಯೂಟರು ಬಂದಾಗ ಜೊತೆಗಿದ್ದ ಐವರನ್ನು ಮನೆಗೆ ಕಳಿಸಿದರು. ಇವರು ಊಟದ ಬಿಡುವಿನಲ್ಲಿ ಕೂತು ಕಲಿತು ಉಳಿದುಕೊಂಡರು. ಎಂಟು ವರ್ಷದ ಹಿಂದೆ ಅವರೇ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದರು. ಯಾರಿಗೆ ಯಾವ ಫೈಲು, ಕಳಿಸುವ ಮುಂಚೆ ಏನೇನು ನೋಡಬೇಕು, ಕೊನೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿ: ‘ನಕ್ಷೆಯ ಫೋಟೋ ತೆಗೆದು ಕಳಿಸಬಾರದು.’ ಓದಿದವರು ನಕ್ಕರು.

ಹೋದ ವರ್ಷ ಅದೇ ಆಯಿತು. ಶೈತ್ಯಾಗಾರವೊಂದರ ಗೋಡೆಗೆ ಅಟ್ಟಣಿಗೆ ಕೂರಿಸುವ ಕೆಲಸ. ಅದನ್ನು ಹೊರುವ ಬ್ರಾಕೆಟ್ಟುಗಳ ತಗಡು ಹದಿನಾರು ಮಿಲಿಮೀಟರ್ ದಪ್ಪ ಇರಬೇಕು. ಅಕ್ಕ ಪಿಡಿಎಫ್ ಕಳಿಸಿದರು. ವರ್ಕ್‌ಶಾಪಿನವನು ನೇರ ಮ್ಯಾನೇಜರಿಗೆ ಫೋನು ಮಾಡಿ, ಫೈಲು ತನ್ನ ಫೋನಿನಲ್ಲಿ ತೆರೆಯುತ್ತಿಲ್ಲ ಎಂದ. ಮ್ಯಾನೇಜರು ಅಕ್ಕನ ಮೇಜಿಗೆ ಬಂದರು.

“ಐದು ನಿಮಿಷ ಕೊಡಿ ಸಾರ್. ಹಗುರ ಮಾಡಿ ಕಳಿಸ್ತೀನಿ.”

“ಐದು ನಿಮಿಷ ಯಾಕಮ್ಮ? ಐದು ಸೆಕೆಂಡ್ ಸಾಕು.” ಅವರು ಅಕ್ಕನ ಪರದೆಗೇ ಫೋನು ಹಿಡಿದು ಕ್ಲಿಕ್ ಮಾಡಿ ಕಳಿಸಿಬಿಟ್ಟರು.

“ಸಾರ್, ಫೋಟೋ ಬೇಡ ಸಾರ್, ಅಂಕಿ ಕಲಸಿ ಹೋಗುತ್ತೆ.”

“ನಿಮ್ಮದೊಂದು ಪುರಾಣ,” ಎಂದು ನಗುತ್ತಾ ಹೋದರು.

ಆರು ನಿಮಿಷದಲ್ಲಿ ಅಕ್ಕ ಹಗುರವಾದ ಫೈಲನ್ನೂ ಕಳಿಸಿದರು. ಅದನ್ನು ಯಾರೂ ತೆರೆಯಲಿಲ್ಲ. ಫೋನಿನಿಂದ ಫೋನಿಗೆ ಹಾರುವಾಗ ಹಿಂಡಿ ಹಿಪ್ಪೆಯಾದ ಆ ಫೋಟೋದಲ್ಲಿ ಆರು ಸೊನ್ನೆಯಾಗಿತ್ತು. ಹದಿನಾರು ಹತ್ತಾಗಿತ್ತು. ಹತ್ತು ಮಿಲಿಮೀಟರಿನ ತಗಡಿನಲ್ಲೇ ಬ್ರಾಕೆಟ್ಟು ತಯಾರಾದವು, ಗೋಡೆಗೇರಿದವು. ಅಟ್ಟಣಿಗೆಯ ಕಟಕಟೆಗೆ ಬಣ್ಣ ಹಚ್ಚಲು ಡಬ್ಬಗಳ ಸಮೇತ ಹತ್ತಿದ ಪೇಂಟರ್, ಬ್ರಾಕೆಟ್ಟು ಬಾಗಿ, ಎರಡು ಅಂತಸ್ತು ಕೆಳಗೆ ಬಿದ್ದ. ಬೆನ್ನುಮೂಳೆ ಮುರಿಯಿತು. ಕಾಲುಗಳು ಇವತ್ತಿಗೂ ಅಲ್ಲಾಡುವುದಿಲ್ಲ.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಕಂಪನಿಯೇ ನಡೆಸಿದ ವಿಚಾರಣೆಯಲ್ಲಿ ಎಲ್ಲರ ಕಣ್ಣೂ ಹೋದದ್ದು ನಕ್ಷೆಯ ಮೂಲೆಯ ಚೌಕಕ್ಕೆ. ‘ತಯಾರಿಸಿದವರು’ ಎಂಬಲ್ಲಿ ಅಕ್ಕನ ಹೆಸರು. ‘ಅಂಕಿಗಳು ಸ್ಪಷ್ಟವಾಗಿ ಕಾಣುವಂತೆ ಬರೆಯದಿದ್ದುದು ನನ್ನ ಲೋಪ’ ಎಂಬ ಕಾಗದ ಮುಂದಿಟ್ಟು, ಸಹಿ ಹಾಕಿದರೆ ಬರೀ ಎಚ್ಚರಿಕೆ, ಇಲ್ಲದಿದ್ದರೆ ಮನೆ ಎಂದರು. ಅಕ್ಕ ಕಾಗದವನ್ನು ಒಂದು ರಾತ್ರಿಯ ಮಟ್ಟಿಗೆ ಮನೆಗೆ ತಂದರು. “ಹಾಕಿಬಿಡು. ರಿಟೈರ್ ಆಗೋಕೆ ಇನ್ನು ಮೂರೇ ವರ್ಷ,” ಎಂದರು ಯಜಮಾನರು, ತಲೆ ಎತ್ತದೆ ಕಾಜಾ ಹೊಲಿಯುತ್ತಾ. ಬೆಳಿಗ್ಗೆ ಅಕ್ಕ ಸಹಿ ಹಾಕಿದರು. ಗುಮಾಸ್ತೆಯ ಕೈತಪ್ಪು ಎಂದು ಕಂಪನಿ ಬರೆದು ಕಳಿಸಿತು, ಕಾರ್ಮಿಕ ಕಚೇರಿಯವರು ಕಡತ ಮುಚ್ಚಿದರು.

ಎರಡು ತಿಂಗಳು ಕಳೆಯಿತು. ಕಡೆಗೆ ಒಂದು ಭಾನುವಾರ ಪೇಂಟರ್‌ನ ಮನೆ ಹುಡುಕಿಕೊಂಡು ಹೋದರು. ಗೋಡೆ ಪಕ್ಕದ ಮಂಚದಿಂದ ಅವನು ಕೇಳಿದ್ದು ಒಂದೇ ಮಾತು. “ನಂಬರ್ ತಪ್ಪು ಬರೆದೋರು ನೀವೇನಾ?” ಅಕ್ಕ ಚಪ್ಪಲಿ ಮೆಟ್ಟಿ ಹೊರಟುಬಂದರು.

ಮುಂದಿನ ಭಾನುವಾರ ಎರಡು ಹಾಳೆ ಒಯ್ದರು. ಒಂದು ತಾವು ಕಳಿಸಿದ ಫೈಲಿನ ಪ್ರಿಂಟು, ಇನ್ನೊಂದು ವರ್ಕ್‌ಶಾಪಿನವನಿಂದ ಕಾಡಿ ಬೇಡಿ ಪಡೆದ ಫೋಟೋದ್ದು. ಪೇಂಟರ್ ಬೆರಳಿಟ್ಟು ನೋಡಿದ. “ಇಪ್ಪತ್ತು ವರ್ಷ ಬೋರ್ಡ್ ಬರೆದಿದೀನಿ ಅಕ್ಕ. ಇದು ಆರು. ಇದು ಸೊನ್ನೆ. ನೀವು ಸರಿಯಾಗೇ ಬರೆದಿದೀರಲ್ಲ, ಮತ್ತೆ ಸಹಿ ಯಾಕೆ ಹಾಕಿದ್ರಿ?”

“ಹೆದರಿಬಿಟ್ಟೆ ಕಣಪ್ಪ.”

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಅಂದಳು: “ನಿಮ್ಮ ಹೆದರಿಕೇಲಿ ನಮ್ಮ ಕೇಸೇ ಮುಚ್ಚಿಹೋಯ್ತು.” ನೀರೂ ಕೊಡಲಿಲ್ಲ. “ಕೊಡೋದಾದ್ರೂ ಯಾಕೆ?” ಎಂದು ಅಕ್ಕನೇ ಈಗ ಕೇಳುತ್ತಾರೆ.

ಸೋಮವಾರ ರಜೆ ಹಾಕಿ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋದರು. ಎರಡೂ ಹಾಳೆ, ಕಳಿಸಿದ ಮೇಲ್‌ಗಳ ಸಮಯ, ‘ನನ್ನ ಹಿಂದಿನ ಹೇಳಿಕೆ ಸುಳ್ಳು, ಅದನ್ನು ಹಿಂತೆಗೆದುಕೊಳ್ಳುತ್ತೇನೆ’ ಎಂಬ ಪತ್ರ. ಕಡತ ಮತ್ತೆ ತೆರೆಯಿತು. ಏಳು ತಿಂಗಳ ಮೇಲೆ ತಪ್ಪು ಕಂಪನಿಯದೆಂದು ಅಧಿಕಾರಿ ಬರೆದರು. ಪೇಂಟರ್‌ನ ಚಿಕಿತ್ಸೆಯ ಖರ್ಚು ಈಗ ಕಂಪನಿಯ ತಲೆಗೆ ಬಂದಿದೆ. ಕಾಲು ಮಾತ್ರ ಬರಲಿಲ್ಲ.

ಮ್ಯಾನೇಜರು ಅಷ್ಟರಲ್ಲಿ ಬಡ್ತಿ ಪಡೆದು ಮುಖ್ಯ ಕಚೇರಿ ಸೇರಿದ್ದರು. ಅಲ್ಲಿಂದ ಅವರ ಸಹಿಯಲ್ಲಿ ಎಲ್ಲ ಶಾಖೆಗಳಿಗೂ ಸುತ್ತೋಲೆ ಬಂತು: ಯಾರಿಗೆ ಯಾವ ಫೈಲು, ಕಳಿಸುವ ಮುಂಚೆ ಏನೇನು ನೋಡಬೇಕು. ಅಕ್ಕನ ಪಟ್ಟಿಯೇ, ಒಂದಕ್ಷರ ಆಚೀಚೆಯಿಲ್ಲ. ಅಕ್ಕನ ಮೇಜು ಮಾತ್ರ ಗೋದಾಮಿನ ಪಕ್ಕಕ್ಕೆ ಬಂತು. ಜೊತೆಯವರು ಎದುರಿಗೆ ಸಿಕ್ಕರೆ ಫೋನು ನೋಡುತ್ತಾ ಸರಿಯುತ್ತಾರೆ. ಯಜಮಾನರು ಮಾತ್ರ ಈಗ ಬೆಳಿಗ್ಗೆ ಐದಕ್ಕೇ ಎದ್ದು ಚಹಾ ಮಾಡಿ ಕೊಡುತ್ತಾರೆ. ಆ ಸಹಿಯ ಮಾತು ಇಬ್ಬರೂ ಎತ್ತುವುದಿಲ್ಲ.

ಗಂಟೆ ಏಳಾಗುತ್ತದೆ. ಫೋನು ಬಡಿದುಕೊಳ್ಳುತ್ತದೆ. ಯಾವುದೋ ವರ್ಕ್‌ಶಾಪಿನವನು ಫೈಲು ತೆರೆಯುತ್ತಿಲ್ಲ ಎನ್ನುತ್ತಾನೆ. “ಇರಪ್ಪ, ಐದು ನಿಮಿಷ,” ಎನ್ನುತ್ತಾರೆ ಅಕ್ಕ. ಏನಾದರೂ ಆಸೆ ಇದೆಯೇ ಎಂಬ ಪ್ರಶ್ನೆಗೆ ಪರದೆಯಿಂದ ಕಣ್ಣು ತೆಗೆಯದೆಯೇ ಉತ್ತರಿಸುತ್ತಾರೆ.

“ಆಸೆ ಏನಿರುತ್ತೆ? ಮೂವತ್ತೊಂದು ವರ್ಷದಲ್ಲಿ ನನ್ನ ಟೇಬಲ್ಲಿಂದ ಹೊರಗೆ ಹೋದ ತಪ್ಪು ಕಾಗದ ಅಂದ್ರೆ ಆ ಸಹಿ ಹಾಕಿದ್ದು ಒಂದೇ. ಅದನ್ನೂ ತಿದ್ದಿ ಕಳಿಸಿದೀನಿ.”