ವಿಭೂತಿ ಹಚ್ಚಿದ ಮೋಡೆಮ್

ಶಿಕಾರಿಪುರದಲ್ಲಿ ನಾನು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಕಾಲಕ್ಕೆ ಇಂಟರ್‌ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ಒಳಗಿನ ಮೋಡೆಮ್ ಕಾರ್ಡು ಕಿರುಚಿಕೊಂಡು ಲೈನು ಹಿಡಿಯಬೇಕು, ಅಷ್ಟು ಹೊತ್ತೂ ಫೋನು ಎಂಗೇಜ್. ಆ ವರ್ಷದ ಆಯುಧಪೂಜೆ ಕಳೆದ ಮೇಲೆ ಮೋಡೆಮ್ಮಿಗೂ ಡೆಸ್ಕ್‌ಟಾಪಿಗೂ ಎಣ್ಣೆ ಸೀಗೆಕಾಯಿ. ಬರೀ ಅಕ್ಷರಗಳ ಕಪ್ಪು ಪರದೆಯಲ್ಲಿ ಮೋಡೆಮ್ ಸರಿಯಾಗೇ ಇರುತ್ತಿತ್ತು. ಚಿತ್ರ ಕಾಣಿಸುವ ಡೆಸ್ಕ್‌ಟಾಪಿನಿಂದ ಲೈನು ಹಿಡಿದರೆ ಮೌಸ್ ಸಮೇತ ಎಲ್ಲವೂ ಅಲ್ಲಾಡದ ಕಲ್ಲು. ಊರಲ್ಲಿ ಮೇಲ್ ನೋಡುವವರೇ ಇರಲಿಲ್ಲವಾದ್ದರಿಂದ ನಾನು ಟೈಪಿಂಗ್ ಮಾಡಿಕೊಂಡು ಸುಮ್ಮನಿದ್ದೆ.

ಆ ಪೂಜೆಯಾದ ಸ್ವಲ್ಪ ದಿನಕ್ಕೆ ಸೊರಬದ ನನ್ನ ಭಾವ, ಅಕ್ಕನ ಗಂಡ, ಬಂದಳಿಕೆಯ ದೇವಸ್ಥಾನಕ್ಕೆ ಹೋಗಿ ಬರುತ್ತೇನೆಂದು ಹೊರಟವರು ಮರಳಲಿಲ್ಲ. ಜಗಳವಿರಲಿಲ್ಲ, ಕಾಯಿಲೆಯಿರಲಿಲ್ಲ. ಕಾಣೆಯಾದವರ ಜಾಹೀರಾತಿಗೆ ನನ್ನ ಸೆಂಟರಿನ ನಂಬರು, ಮೇಲ್ ವಿಳಾಸ ಕೊಟ್ಟಿದ್ದೆವು. ಯಾರೋ ಫೋನ್ ಮಾಡುವುದು, ಅಕ್ಕ ಓಡುವುದು, ಬೇರೆ ಯಾರದ್ದೋ ಮುಖ ನೋಡಿ ಬರುವುದು. ಹೀಗಾಗಿ, ದೂರದ ಆಶ್ರಮವೊಂದರಿಂದ ಕರೆ ಬಂದು, ಹೆಸರು ಹೇಳದ ಒಬ್ಬರ ಫೋಟೋ ಮೇಲ್ ಮಾಡಿದ್ದೇವೆ ಎಂದಾಗ ಅವಳು ಹೇಳಿದ್ದಿಷ್ಟೇ: "ಈ ಸಲ ಮೊದ್ಲು ಮುಖ ನೋಡ್ತೀನಿ. ಆಮೇಲೆ ಹೋಗಾಣ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಪಕ್ಕದಲ್ಲಿ ಕೂತಳು. ಕಪ್ಪು ಪರದೆಯಲ್ಲಿ ಫೋಟೋ ಕಾಣುವುದಿಲ್ಲ. ನಾನು ಮೋಡೆಮ್ಮಿನ ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಸೆಟ್ಟಿಂಗ್ ಬದಲಿಸಿದೆ. ಪ್ರತಿ ಸಲವೂ ಮೋಡೆಮ್ ಲೈನು ಹಿಡಿಯುತ್ತಿತ್ತು, ಪರದೆ ಕಲ್ಲಾಗುತ್ತಿತ್ತು. ಹಿಡಿದ ಲೈನನ್ನು ಬಿಡುತ್ತಲೂ ಇರಲಿಲ್ಲ, ದರಿದ್ರದ್ದು. ಅಕ್ಕನ ಕಡೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಕ್ಯಾಬಿನೆಟ್ ಬಿಚ್ಚಿದೆ. ಮೋಡೆಮ್ ಕಾರ್ಡಿನ ಮೇಲೆ ವಿಭೂತಿಯ ಮೂರು ಬೆರಳ ಗೆರೆ. ಭಾವನದು. ಡಬ್ಬದ ಮೇಲೆ ಹೂವಿಟ್ಟರೆ ಅದೆಂಥಾ ಪೂಜೆ, ದುಡಿಯೋದು ಒಳಗಿಂದು ಅಲ್ವೇನೋ ಎಂದು ಆಯುಧಪೂಜೆಯ ದಿನ ಅವರೇ ಕಾರ್ಡುಗಳನ್ನು ಕಿತ್ತು, ಒರೆಸಿ, ವಿಭೂತಿ ಹಚ್ಚಿ, ಕುಂಕುಮವಿಟ್ಟು ಮತ್ತೆ ಕೂರಿಸಿದ್ದರು. ಕೂರಿಸುವಾಗ ಮೋಡೆಮ್ಮನ್ನು ಅದರ ಜಾಗ ಬಿಟ್ಟು ಪರದೆಗೆ ಚಿತ್ರ ಕಳಿಸುವ ಕಾರ್ಡಿನ ಮಗ್ಗುಲಿಗೆ ಸಿಕ್ಕಿಸಿಬಿಟ್ಟಿದ್ದರು. ಆ ಜಾಗದಲ್ಲಿ ಎರಡೂ ಒಂದೇ ದಾರಿಯಲ್ಲಿ ಗುದ್ದಾಡುತ್ತಿದ್ದವು. ಅಕ್ಕ ಆ ಗೆರೆಗಳನ್ನು ನೋಡಿದಳು, ಮುಟ್ಟಲಿಲ್ಲ.

ಕಾರ್ಡನ್ನು ಹಳೆಯ ಜಾಗಕ್ಕೆ ಹಾಕಿದೆ. ಪರದೆ ಕಲ್ಲಾಗಲಿಲ್ಲ. ಫೋಟೋ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಕೆದರಿದ ಕೂದಲು, ಹಣೆ, ಹಣೆಯ ಮೇಲೆ ವಿಭೂತಿ. ಕಣ್ಣು ಬರುವಷ್ಟರಲ್ಲಿ ಅಕ್ಕ ನನ್ನ ತೋಳು ಹಿಡಿದಿದ್ದಳು.

"ಅವ್ರೇ ಕಣೋ."

ಲೈನು ಬಿಡಿಸಿ ಆಶ್ರಮಕ್ಕೆ ಫೋನ್ ಮಾಡಿದೆ.

"ಬೆಳಗಿಂದ ಮಾಡ್ತಾನೇ ಇದೀವ್ರೀ, ನಿಮ್ದು ಬರೀ ಎಂಗೇಜ್," ಎಂದರು ಆ ಕಡೆಯವರು. "ಗಂಟು ಕಟ್ಕೊಂಡು ಹೊರಟಿದ್ರು. ಮನೆಯವರ ದನಿ ಕೇಳಿದ್ರೆ ನಿಲ್ತಾರೇನೋ ಅಂತ ಫೋನ್ ಹತ್ರಾನೇ ಕೂರಿಸ್ಕೊಂಡಿದ್ವಿ. ಈಗ ಸ್ವಲ್ಪ ಮುಂಚೆ ಎದ್ದು ಹೋಗ್ಬಿಟ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ."

ರಿಸೀವರ್ ಹಿಡಿದೇ ನಿಂತಿದ್ದೆ. ಅಕ್ಕ ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

"ಸೊರಗಿದಾರೆ," ಎಂದಳು. "ಬಿಸಿ ಅನ್ನ ಮಾಡಿ ಹಾಕ್ಬೇಕು, ಬರ್ಲಿ."